ನೀರು ಬಂದರೆ ಬರುತ್ತೇನೆ ಎಂದವರು

ಅವರು ಕುಕ್ಕರಗಾಲಲ್ಲಿ ಕೂತರೆ ಮಂಡಿ ಲಟಕ್ಕೆಂದು ಸದ್ದು ಮಾಡುತ್ತಿತ್ತು. ಸಣ್ಣ ಸದ್ದಿಗೂ ಕಿವಿ ಮುಚ್ಚಿಕೊಳ್ಳುವ ನನ್ನ ಮಗ ಅದೊಂದಕ್ಕೆ ಮಾತ್ರ ತಿರುಗಿ ನೋಡುತ್ತಿದ್ದ. ಐವತ್ತು ದಾಟಿದ ಹೆಂಗಸು, ಗಿಡ್ಡಗೆ ಕತ್ತರಿಸಿದ ನರೆಗೂದಲು, ವರ್ಷವಿಡೀ ಅದೇ ಬೂದು ಬಣ್ಣದ ಟೀ ಶರ್ಟು. ಬೇರೆ ಬಣ್ಣ ಹಾಕಿಕೊಂಡು ಬಂದರೆ ತರಗತಿಯಲ್ಲಿ ಒಂದಿಬ್ಬರು ಮಕ್ಕಳಿಗೆ ಕಸಿವಿಸಿಯಾಗುತ್ತದೆಂದು ಅವರೇ ಹೇಳಿದ್ದರು. ಅದೇ ಕಾರಣಕ್ಕೆ ಪರಿಮಳದ ಸೋಪನ್ನೂ ಬಿಟ್ಟಿದ್ದರು. ಜಪಾನಿನ ಓಜಿಮಾದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ, ಆಟಿಸಂ ಇರುವ ಮಕ್ಕಳ ವಿಶೇಷ ತರಗತಿಗೆ ಅವರು ಟೀಚರು. ಮನೆಯೊಳಗೆ ಕನ್ನಡದಲ್ಲಿ ಮಾತಾಡುವಾಗಲೂ ನಾವು ಅವರನ್ನು, ಜಪಾನಿಯಲ್ಲಿ ಟೀಚರಿಗೆ ಹೇಳುವಂತೆ, ಸೆನ್ಸೇ ಎಂದೇ ಕರೆಯುತ್ತಿದ್ದೆವು.

ಮೊದಲೇ ಗಾಬರಿ ಸ್ವಭಾವದವಳು ನಾನು. ಗಂಡನ ಕಂಪನಿ ಮೈಸೂರಿನಿಂದ ನಮ್ಮನ್ನು ಇಲ್ಲಿಗೆ ಕಳಿಸಿದ ಮೇಲೆ ಆ ಗಾಬರಿಗೆ ಭಾಷೆ ಬಾರದ ಕಷ್ಟವೂ ಸೇರಿಕೊಂಡಿತು. ದಿನಾ ಶಾಲೆಯ ಗೇಟಿನಲ್ಲಿ ನನ್ನ ಅರೆಬರೆ ಜಪಾನಿಯಲ್ಲಿ ಕೇಳುತ್ತಿದ್ದೆ, ಇವತ್ತು ಏನೂ ತೊಂದರೆ ಆಗಲಿಲ್ಲ ತಾನೇ ಎಂದು. ಬೇರೆ ಯಾರನ್ನು ಕೇಳಿದರೂ ನಗುತ್ತಾ ‘ದೈಜೋಬು’ ಎನ್ನುತ್ತಾರೆ. ಏನೂ ಯೋಚನೆಯಿಲ್ಲ ಎಂದು ಅದರರ್ಥ. ಸೆನ್ಸೇ ಬಾಯಲ್ಲಿ ಆ ಮಾತು ಒಮ್ಮೆಯೂ ಬರಲಿಲ್ಲ. “ಇವತ್ತು ಎರಡು ಸಲ ಅತ್ತ. ಒಂದು ಸಲ ಯಾಕೆಂದು ಗೊತ್ತಾಯಿತು, ಇನ್ನೊಂದು ಗೊತ್ತಾಗಲಿಲ್ಲ. ನಾಳೆ ನೋಡುತ್ತೇನೆ” ಎನ್ನುತ್ತಿದ್ದರು. ಕೇಳಿದಾಗ ಮೈ ಉರಿಯುತ್ತಿತ್ತು. ಒಂದು ಸುಳ್ಳು ಹೇಳಿದರೆ ಇವರ ಗಂಟೇನು ಹೋಗುತ್ತದೆ ಎಂದುಕೊಳ್ಳುತ್ತಿದ್ದೆ. ಆದರೆ ಅವರು ನಮಗೆಂದು ಕಳಿಸುತ್ತಿದ್ದ, ಮಾಡಬೇಕಾದ್ದನ್ನು ಒಂದೊಂದಾಗಿ ತೋರಿಸುವ ಚಿತ್ರದ ಕಾರ್ಡುಗಳು ಇಲ್ಲದಿದ್ದರೆ ನನ್ನ ಮಗ ಹಲ್ಲುಜ್ಜಲೂ ಒಪ್ಪುತ್ತಿರಲಿಲ್ಲ.

ಅವನು ಮೂರನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಪರಿಸರದ ಪಾಠ ಶುರುವಾಯಿತು. ಭೂಮಿ ಬಿಸಿಯಾಗುತ್ತಿದೆ, ಸಮುದ್ರ ಏರುತ್ತಿದೆ ಎಂದು ಹೇಳಿ ಮಕ್ಕಳನ್ನು ಬೀದಿ ತೋರಿಸಲು ಕರೆದೊಯ್ದರು. ನಾವಿರುವ ಜಾಗ ಸಮುದ್ರದ ಮಟ್ಟಕ್ಕಿಂತ ತಗ್ಗು. ಪ್ರವಾಹ ಬಂದರೆ ಎಲ್ಲಿಯವರೆಗೆ ನೀರು ನಿಲ್ಲುತ್ತದೆಂದು ಕೆಲವು ಕಂಬಗಳಿಗೆ ಗುರುತು ಹಾಕಿದ್ದಾರೆ. ಉಳಿದ ಮಕ್ಕಳು ಬಂದು ಹಿಮಕರಡಿಯ ಚಿತ್ರ ಬರೆದರು. ನನ್ನ ಮಗ ತನ್ನ ತಲೆಗಿಂತ ಎಷ್ಟೋ ಎತ್ತರದಲ್ಲಿದ್ದ ಆ ಗುರುತನ್ನು ನೋಡಿಕೊಂಡು ಬಂದವನು ಮಾರನೆಯ ದಿನ ಎಂಟನೇ ಮಹಡಿಯ ನಮ್ಮ ಮನೆಯಿಂದ ಕೆಳಗಿಳಿಯಲಿಲ್ಲ.

“ವಾಟರ್ ಬರುತ್ತೆ. ಇಲ್ಲೇ ಇರ್ತೀನಿ.”

“ಅದೆಲ್ಲಾ ತುಂಬಾ ವರ್ಷ ಆದ್ಮೇಲೆ ಕಣೋ ಪುಟ್ಟಾ” ಎಂದರು ನನ್ನ ಗಂಡ.

“ಹೌ ಮೆನಿ ಇಯರ್ಸ್?”

“ಅದು ಯಾರಿಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ನಾಳೆ ಬರಬಹುದು.”

ಅವನು ಕೆಳಗಿಳಿಯದೆಯೇ ಒಂದು ವಾರ ಕಳೆಯಿತು. ಒಮ್ಮೆ ತಪ್ಪಿದ ಅಭ್ಯಾಸ ಇಂಥ ಮಕ್ಕಳಿಗೆ ಮತ್ತೆ ಹತ್ತುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಇವನ ಶಾಲೆ ಇಲ್ಲಿಗೆ ಮುಗಿಯಿತು, ಇನ್ನು ಜೀವನವಿಡೀ ಈ ನಾಲ್ಕು ಗೋಡೆಯೇ ಗತಿ ಎಂದುಕೊಳ್ಳುತ್ತಿದ್ದೆ. ನಮ್ಮತ್ತೆ ಫೋನಿನಲ್ಲಿ, “ಸುಮ್ನೆ ಮೈಸೂರಿಗೆ ಬಂದ್ಬಿಡಿ. ಇಲ್ಲಿ ಸಮುದ್ರಾನೂ ಇಲ್ಲ, ಎಂಥದ್ದೂ ಇಲ್ಲ” ಎಂದರು. ಅದೇ ಸರಿಯೇನೋ ಅನ್ನಿಸತೊಡಗಿತ್ತು.

ಆಗ ಸೆನ್ಸೇ ಮನೆಗೆ ಬಂದರು. ಲಿಫ್ಟಿನ ಬಾಗಿಲಲ್ಲೇ ಅವರನ್ನು ತಡೆದು ಅಂಗಲಾಚಿದೆ. “ನೀರು ಬರುವುದೇ ಇಲ್ಲ ಎಂದು ಒಂದು ಮಾತು ಹೇಳಿಬಿಡಿ. ನೀವು ಹೇಳಿದರೆ ನಂಬುತ್ತಾನೆ.”

“ಅದಕ್ಕೇ ಹೇಳುವುದಿಲ್ಲ” ಎಂದರು.

ಒಳಗೆ ಹೋಗಿ ಅವನೆದುರು ಕೂತರು. “ನೀರು ಬರಬಹುದು. ಯಾವಾಗ ಎಂದು ನನಗೂ ಗೊತ್ತಿಲ್ಲ. ಬಂದರೆ ಏನು ಮಾಡಬೇಕೋ ನೋಡೋಣ” ಎಂದು ಹೊಸ ಕಾರ್ಡುಗಳನ್ನು ಹರಡಿದರು. ಎಚ್ಚರಿಕೆ ಕೊಡಲು ಫೋನು ಕೂಗುತ್ತದೆ, ಮೆಟ್ಟಿಲು ಹತ್ತಬೇಕು, ಶಾಲೆಯಲ್ಲಿದ್ದರೆ ಮೇಲಿನ ಮಹಡಿಯಲ್ಲಿ ಕಾಯಬೇಕು, ಅಮ್ಮ ಬರುವುದು ತಡವಾಗಬಹುದು. ಆ ಕೊನೆಯ ಕಾರ್ಡನ್ನು ಎತ್ತಿಡಲು ನಾನು ಕೈ ಚಾಚಿದೆ. ಮಗ ಮಾತ್ರ ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟು, ಸೆನ್ಸೇ ಮನೆ ಎಷ್ಟನೇ ಮಹಡಿಯಲ್ಲಿದೆ ಎಂದು ಕೇಳಿದ. ನೆಲಕ್ಕೇ ಇದೆ, ಮಹಡಿಯಿಲ್ಲ ಎಂದರು ಅವರು. ಅವನ ಮುಖ ಬಿಳಿಚಿಕೊಂಡಿತು. ಬೇರೆಯವರ ಕಷ್ಟ ಇವನಿಗೆ ತಿಳಿಯುವುದು ಕಡಿಮೆ ಎಂದು ಡಾಕ್ಟರೊಬ್ಬರು ನಮಗೆ ಹೇಳಿದ್ದರು.

“ಇಲ್ಲಿಗೆ ಬನ್ನಿ” ಎಂದ.

ಅವರು ತಕ್ಷಣ ಒಪ್ಪಲಿಲ್ಲ. ದಾರಿಯನ್ನು ಲೆಕ್ಕ ಹಾಕುವವರಂತೆ ಕಿಟಕಿಯಾಚೆ ನೋಡಿ, ಆಮೇಲೆ, “ಸರಿ. ನೀರು ಬರುವ ಹಾಗಿದ್ದರೆ ಇಲ್ಲಿಗೆ ಬರುತ್ತೇನೆ” ಎಂದರು. ಮಾರನೆಯ ದಿನ ಅವನು ಶಾಲೆಗೆ ಹೋದ. ಮಕ್ಕಳ ಮನೆಯಲ್ಲಿ ಒಂದು ಲೋಟ ಟೀ ಕುಡಿಯಲೂ ಹಿಂಜರಿಯುವ ಟೀಚರುಗಳ ಊರು ಇದು. ಅಂತೂ ಇವರೂ ಒಂದು ಸುಳ್ಳು ಹೇಳಿದರಲ್ಲ ಎಂದು ನಾನು ಸಮಾಧಾನದ ನಿಟ್ಟುಸಿರು ಬಿಟ್ಟೆ.

ಮುಂದಿನ ವರ್ಷ ದೊಡ್ಡ ಚಂಡಮಾರುತ ಬರುವುದೆಂದು ಸುದ್ದಿಯಾಯಿತು. ಅದು ಶನಿವಾರ. ಬೆಳಗಿನಿಂದಲೇ ಫೋನುಗಳು ಕೂಗತೊಡಗಿದವು. ಮಗ ಹೋಗಿ ಬಾಗಿಲ ಬಳಿ ಕೂತ. ಸೆನ್ಸೇ ಬರ್ತಾರೆ ಎಂದ. ಮಳೆಗಿಂತ ನನಗೆ ಆ ಮಾತೇ ಭಯವಾಯಿತು. ಅವರು ಬಾರದಿದ್ದರೆ ಇವನು ಇನ್ನು ಯಾರ ಮಾತನ್ನೂ ನಂಬುವುದಿಲ್ಲ.

“ಮಗು ಸಮಾಧಾನಕ್ಕೆ ಏನೋ ಹೇಳಿರ್ತಾರೆ ಬಿಡು. ಈ ಗಾಳೀಲಿ ಯಾರು ಬರ್ತಾರೆ?” ಎಂದರು ನನ್ನ ಗಂಡ. ಟ್ರೈನು ನಿಂತಿದೆ ಎನ್ನಲೇ, ಜ್ವರ ಬಂದಿದೆಯಂತೆ ಎನ್ನಲೇ ಎಂದು ನಾನು ಅಡುಗೆಮನೆಯಲ್ಲಿ ಸುಳ್ಳು ಹೊಸೆಯುತ್ತಿದ್ದೆ. ಮಧ್ಯಾಹ್ನ ಕರೆಗಂಟೆ ಸದ್ದಾಯಿತು.

ಬೆನ್ನಿಗೆ ಚೀಲ ಹಾಕಿಕೊಂಡು, ರೇನ್‌ಕೋಟಿನಿಂದ ನೀರು ಸುರಿಸುತ್ತಾ ನಿಂತಿದ್ದರು. “ಸುಮಿಮಾಸೆನ್, ಕ್ಷಮಿಸಿ, ನಿಮಗೆ ತೊಂದರೆ ಕೊಡುತ್ತಿದ್ದೇನೆ. ನಮ್ಮ ಬೀದಿಯವರಿಗೆ ಮನೆ ಬಿಡಲು ಸೂಚನೆ ಬಂತು. ಬರುತ್ತೇನೆ ಎಂದಿದ್ದೆನಲ್ಲ.”

ಮಗ ಅವರ ಮುಖವನ್ನೂ ನೋಡಲಿಲ್ಲ. ಎದ್ದು ಹೋಗಿ ತನ್ನ ಆಟದ ರೈಲುಗಳನ್ನು ಜೋಡಿಸಲು ಕೂತ, ರಾತ್ರಿ ಹೊಟ್ಟೆ ತುಂಬ ಮೊಸರನ್ನ ಉಂಡು ಮಲಗಿದ. ಸೆನ್ಸೇ ನನ್ನ ಬಿಸಿಬೇಳೆಬಾತು ತಿಂದು ಖಾರಕ್ಕೆ ಕಣ್ಣು ಮೂಗು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ನನ್ನದು ಖಾರಕ್ಕಲ್ಲ. ನಮ್ಮ ಬೀದಿಗೆ ನೀರು ಬರಲಿಲ್ಲ. ಬೆಳಿಗ್ಗೆ ಹಾಸಿಗೆ ಮಡಿಸಿಟ್ಟು ಹೊರಟುಹೋದರು.

ಇಲ್ಲಿ ಸರ್ಕಾರಿ ಟೀಚರುಗಳನ್ನು ಕೆಲವು ವರ್ಷಕ್ಕೊಮ್ಮೆ ಬೇರೆ ಶಾಲೆಗೆ ಹಾಕುತ್ತಾರೆ. ಅವರನ್ನೂ ಹಾಕಿದರು. “ಶಾಲೆ ಬದಲಾಗುತ್ತದೆ, ಕೊಟ್ಟ ಮಾತು ಬದಲಾಗುವುದಿಲ್ಲ” ಎಂದು ಮಗನಿಗೆ ಹೇಳಿಯೇ ಹೋದರು.

ಈ ಚಳಿಗಾಲದಲ್ಲಿ ಅವರು ಕಾಯಿಲೆಯಿಂದ ತೀರಿಕೊಂಡರೆಂದು ಹಳೆಯ ಶಾಲೆಯಿಂದ ಫೋನು ಬಂತು. ಮಗ ಈಗ ನನ್ನ ಭುಜಕ್ಕೆ ಬಂದಿದ್ದಾನೆ. ಬಹಳ ದೂರದ ಶಾಲೆಗೆ ಹೋದರಂತೆ ಎಂದು ಹೇಳಿಬಿಡುವುದು ಸುಲಭವಾಗಿತ್ತು, ನಾಲಿಗೆ ತುದಿಗೂ ಬಂದಿತ್ತು. ನುಂಗಿಕೊಂಡೆ.

“ಸೆನ್ಸೇ ಸತ್ತುಹೋದ್ರು ಪುಟ್ಟಾ. ಇನ್ನು ಬರಲ್ಲ.”

“ನೀರು ಬಂದ್ರೆ?”

“ಬಂದ್ರೂ ಬರಲ್ಲ.”

ಅವನು ನಿಂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗಾಡಿದ. ಆಮೇಲೆ ಕೇಳಿದ, “ನೀನೂ ಸಾಯ್ತೀಯಾ?”

ಅವನಿಗೆ ಆಟಿಸಂ ಎಂದು ಗೊತ್ತಾದ ದಿನದಿಂದ ನಾನು ಹೆದರಿಕೊಂಡು ಬಂದಿದ್ದು ಈ ಒಂದು ಪ್ರಶ್ನೆಗೆ. “ಹೂಂ. ಯಾವಾಗ ಅಂತ ಗೊತ್ತಿಲ್ಲ” ಎಂದೆ.

“ಆಮೇಲೆ ನನ್ ಹತ್ರ ಯಾರು ಬರ್ತಾರೆ?”

ಸೆನ್ಸೇ ಸಿಗದೇ ಹೋಗಿದ್ದರೆ, ಅಂಥದ್ದೆಲ್ಲ ಮಾತಾಡಬಾರದು ಎಂದು ಗದರಿ ಟೀವಿ ಹಾಕಿಬಿಡುತ್ತಿದ್ದೆ.

“ಅದೂ ಗೊತ್ತಿಲ್ಲ ಪುಟ್ಟಾ. ಬಾ, ಕೂತ್ಕೋ. ಯಾರು ಬರಬಹುದು ಅಂತ ಇಬ್ರೂ ಯೋಚ್ನೆ ಮಾಡೋಣ.”

ಅವನು ಬಂದು ಪಕ್ಕದಲ್ಲಿ ಕೂತ.