ಬಾನೆಟ್ಟಿನ ಮೇಲೆ ಅತ್ತೆಯ ವಿಭೂತಿ

ನನ್ನ ಗಂಡನ ಹೆಸರು ಬಾಳೇಶ. ಪದ್ಯ ಕಟ್ಟಿ, ಒಡಪು ಹಾಕಿ ನಾಚುತ್ತ ಹೇಳಲು ಇದೇನು ಬಸುರಿಯ ಕುಬಸದ ಮನೆಯಲ್ಲ, ನೇರವಾಗಿ ಹೇಳಿಬಿಟ್ಟೆ. ಬೆಳಗಾವಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ನಳಿಕೆಗಳನ್ನು ತೊಳೆದು ಒರೆಸಿ ಸಾಲಾಗಿ ಇಡುವುದು ಅವರ ಕೆಲಸ. ಕುಡಿಯುವುದಿಲ್ಲ, ತಂಬಾಕು ತಿನ್ನುವುದಿಲ್ಲ, ಯಾರ ಮುಂದೆಯೂ ದನಿ ಏರಿಸುವುದಿಲ್ಲ. ಇರುವುದು ಒಂದೇ ರೋಗ, ಹೊಟ್ಟೆಕಿಚ್ಚು. ಅದನ್ನೂ ಬಾಯಿಬಿಟ್ಟು ಹೇಳುವವರಲ್ಲ. ಕಿವಿ ಕೆಂಪಾಗುತ್ತವೆ, ಅಷ್ಟೇ. ಬಾಜು ಮನೆಯ ಲಕ್ಷ್ಮಣನ ನಳಕ್ಕೆ ನಮ್ಮದಕ್ಕಿಂತ ಜೋರಾಗಿ ನೀರು ಬಂದರೆ ಕಿವಿ ಕೆಂಪು. ಅವನ ಗುಲಾಬಿ ಗಿಡ ನಮ್ಮದಕ್ಕಿಂತ ಮೊದಲು ಮೊಗ್ಗು ಬಿಟ್ಟರೆ ಕಿವಿ ಕೆಂಪು. ನನಗೇನು ಹೊಟ್ಟೆಕಿಚ್ಚಿಲ್ಲವೇ? ಬೇಕಾದಷ್ಟಿದೆ. ಆದರೆ ನಾನು ನಾಲ್ಕು ಮಾತು ಬೈದು ಹಗುರಾಗುತ್ತೇನೆ. ಅವರು ನುಂಗಿಕೊಂಡು ಕೂರುತ್ತಾರೆ.

ಆ ಕಿವಿಗಳು ತಣ್ಣಗಿರುತ್ತಿದ್ದುದು ನಮ್ಮ ಕಾರಿನ ಹತ್ತಿರ ಮಾತ್ರ. ಸೈನ್ಯದ ಕ್ಯಾಂಪಿನಲ್ಲಿದ್ದ ಒಬ್ಬ ನಿವೃತ್ತ ಸುಬೇದಾರರು ತಮ್ಮ ಊರಿಗೆ ಹೊರಟಾಗ ಅವರಿಂದ ಕೊಂಡ ಹಳೆಯ ಕೆಂಪು ಕಾರು ಅದು. ರವಿವಾರ ಬಂತೆಂದರೆ ಮೊದಲು ಸಾಬೂನಿನ ನೀರು, ಆಮೇಲೆ ಸ್ವಚ್ಛ ನೀರು, ಆಮೇಲೆ ಮೆತ್ತಗಾದ ಹಳೆಯ ಧೋತರದ ಅರಿವೆ. ಎಲ್ಲಾದರೂ ಗೀರು ಕಂಡರೆ ಅದರ ಮೇಲೆ ಉಗುರು ಆಡಿಸುತ್ತಾರೆ. ಉಗುರು ಸಿಕ್ಕಿಕೊಂಡರೆ ಗೀರು ಆಳದ್ದು, ಅದು ಮನೆಯಲ್ಲಿ ಹೋಗುವುದಿಲ್ಲ. ಉಗುರು ಜಾರಿದರೆ ಮೇಲಿನ ಪದರದ್ದು, ತಿಕ್ಕಿ ತೆಗೆಯಬಹುದು. ನನ್ನ ಬೆನ್ನು ನೋಯುತ್ತದೆ ಎಂದರೆ ಎಣ್ಣೆಯ ಶೀಶೆ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುವ ಮನುಷ್ಯ, ಆ ತಗಡಿನ ಬೆನ್ನನ್ನು ಗಂಟೆಗಟ್ಟಲೆ ತಿಕ್ಕುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಉರಿಯದೆ ಏನು?

ಆ ಕಾರಿನ ಮುಂದಿನ ಸೀಟು ನನ್ನದಲ್ಲ, ನನ್ನ ಅವ್ವ ನಿಂಗವ್ವಳದು. ಅವ್ವ ಇರುವುದು ಖಾನಾಪುರದ ಆಚೆ ಬೀಡಿ ಎಂಬ ಊರಿನಲ್ಲಿ. ಡಾಕ್ಟರಿಗೆ ಕಣ್ಣು ತೋರಿಸುವುದಿರಲಿ, ಲಗ್ನಕ್ಕೆ ಹೋಗುವುದಿರಲಿ, ಇವರೇ ಹೋಗಿ ಕರೆತರುತ್ತಾರೆ. ತಾಯಿಯನ್ನು ಸಣ್ಣವರಿದ್ದಾಗಲೇ ಕಳೆದುಕೊಂಡ ಇವರಿಗೆ ಅತ್ತೆ ಎಂದರೆ ಜೀವ. ಒಂದೇ ಒಂದು ಕೊರಗು ಇತ್ತು. ಕಾರು ಮನೆಗೆ ಬಂದ ದಿನ ಇವರು ತೆಂಗಿನಕಾಯಿ, ನಿಂಬೆಹಣ್ಣು ಎಲ್ಲ ಜೋಡಿಸಿಟ್ಟು, ವಿಭೂತಿ ಹಚ್ಚಿ ಎಂದು ಅವ್ವನನ್ನು ಕರೆದಿದ್ದರು. ಅವ್ವ ನಕ್ಕು, "ಸೆಕೆಂಡ್ ಹ್ಯಾಂಡ್ ಗಾಡಿ ಅಲ್ರಿ, ಮೊದಲಿನವರು ಪೂಜಿ ಮಾಡೇ ಇರತಾರ, ಮತ್ತ್ಯಾಕ?" ಎಂದು ಒಳಗೆ ಹೋಗಿಬಿಟ್ಟಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇವರ ಹೊಟ್ಟೆಯಲ್ಲಿ ಮಾತ್ರ ಆ ಮಾತು ಕೂತೇಬಿಟ್ಟಿತು.

ಹೀಗಿರುವಾಗ ನನ್ನ ತಂಗಿ ಮೇಘಾಳ ಗಂಡ ಅಮರ ಹೊಸ ಕಾರು ತೆಗೆದುಕೊಂಡ. ಖಾನಾಪುರದಲ್ಲಿ ಇಟ್ಟಿಗೆ, ಹೆಂಚಿನ ವ್ಯಾಪಾರ ಅವನದು. ಕಪ್ಪು ಕಾರು, ಮುಖ ನೋಡಿಕೊಂಡು ತಲೆ ಬಾಚಬಹುದು, ಅಂಥ ಹೊಳಪು. ಮೇಘಾ ಮೊಬೈಲಿಗೆ ಫೋಟೋ ಕಳಿಸಿದಳು. ತಂಗಿ ಚೆನ್ನಾಗಿರಲಿ ಎಂದು ನಾನು ದಿನಾ ದೇವರಿಗೆ ಕೈ ಮುಗಿಯುತ್ತೇನೆ, ಖರೇ. ಆದರೆ ನನಗಿಂತ ಚೆನ್ನಾಗಿರಲಿ ಎಂದು ಎಂದೂ ಕೇಳಿಕೊಂಡವಳಲ್ಲ! ಫೋಟೋದಲ್ಲಿ ಅವ್ವ ಬೀಡಿಯ ಮನೆ ಮುಂದೆ ನಿಂತು, ವಿಭೂತಿ ಗಟ್ಟಿಯನ್ನು ಬಾನೆಟ್ಟಿಗೆ ಒತ್ತಿ ಮೂರು ಗೆರೆ ಎಳೆಯುತ್ತಿದ್ದಳು. ಇವರು ಕಾರಿನ ಕಡೆ ನೋಡಲೇ ಇಲ್ಲ. ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಅವ್ವನ ಕೈಯನ್ನೇ ನೋಡುತ್ತ ಕೂತರು. ಕಿವಿ ಮೆಣಸಿನಕಾಯಿಯಷ್ಟು ಕೆಂಪಾಗಿದ್ದವು.

ಮುಂದೆ ಸ್ವಲ್ಪ ದಿನಕ್ಕೇ ಅವ್ವ ಊರಿನ ಹೆಣ್ಣುಮಕ್ಕಳ ಜೊತೆ ಶ್ರೀಶೈಲಕ್ಕೆ ಹೊರಟಳು. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೈದರಾಬಾದಿನವರೆಗೆ ವಿಮಾನ, ಅಲ್ಲಿಂದ ಬಸ್ಸು. ಅವ್ವನಿಗೆ ಮೊದಲ ವಿಮಾನ. ಅವಳನ್ನು ಸಾಂಬ್ರಾಕ್ಕೆ ಬಿಡುವವರು ತಾವೇ ಎಂದು ಇವರು ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ರಜೆ ಬರೆದುಕೊಟ್ಟಿದ್ದರು. ಹಿಂದಿನ ದಿನ ನೋಡಿದರೆ, ಅಮರನೇ ಬೀಡಿಗೆ ಹೋಗಿ ಅವ್ವನನ್ನು ಕೂರಿಸಿಕೊಂಡು ಮೇಘಾಳ ಜೊತೆ ನಮ್ಮ ಮನೆಗೆ ಬಂದಿಳಿದ. "ನಾಳೆ ನಾನ ಬಿಡತೀನ್ರಿ, ಎಸಿ ಐತಿ, ಅತ್ತಿಯವ್ರಿಗೆ ಧೂಳ ಹತ್ತೂದಿಲ್ಲ" ಎಂದ. ಇವರು "ಆಗಲಿ" ಎಂದರು. ಕಿವಿ ಮತ್ತೆ ಕೆಂಪು.

ಊಟವಾಗಿ ಅವ್ವ ಒಳಗೆ ಅಡ್ಡಾದಳು. ಅಮರ ಮೆಲ್ಲಗೆ ಇವರ ತೋಳು ಹಿಡಿದು, "ಅಣ್ಣಾ, ಒಂದೀಟ ಹೊರಗ ಬರ್ರಿ" ಎಂದು ಕರೆದೊಯ್ದ. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ. ಬೇವಿನ ಗಿಡದ ಕೆಳಗೆ ಬಿಸಿಲು ಬಿದ್ದ ಕಡೆ ಅವನು ಬಾನೆಟ್ಟು ತೋರಿಸಿದ. ಕಪ್ಪು ಬಣ್ಣದ ಮೇಲೆ ಕೂದಲಿನಷ್ಟು ಸಣ್ಣ ಗೀರುಗಳು, ಮೂರು ಪಟ್ಟಿಯಾಗಿ.

"ಅತ್ತಿ ವಿಭೂತಿ ಹಚ್ಚಿದ್ರಲ್ಲ, ಒರಸಿದ ಮ್ಯಾಲೂ ಹಂಗ ಕುಂತಾವ ನೋಡ್ರಿ" ಎಂದ ಅಮರ. "ಗಟ್ಟಿಗೆ ಉಸುಕ ಹತ್ತಿತ್ತೋ ಏನೋ. ಅತ್ತಿ ಕಣ್ಣಿಗೆ ಬಿದ್ರ, ನನ್ನ ಕೈಲೆ ಹೊಸಾ ಗಾಡಿ ಕೆಟ್ಟಿತು, ಅಪಶಕುನ ಆತು ಅಂತ ನಾಳೆ ವಿಮಾನಾನ ಹತ್ತೂದಿಲ್ಲ. ನೀವು ಗೀರು ತಗ್ಯಾವ್ರು. ಏನರ ಮಾಡ್ರಿ ಅಣ್ಣಾ."

ಅವನು ಹೇಳಿದ್ದು ಸುಳ್ಳಲ್ಲ. ಅವ್ವ ವಿಭೂತಿ ಹಚ್ಚುವ ರೀತಿಯೇ ಹಾಗೆ. ಬಾಗಿಲ ಚೌಕಟ್ಟಿರಲಿ, ಬೀಸುವ ಕಲ್ಲಿರಲಿ, ಭಾರ ಹಾಕಿ ಒತ್ತುತ್ತಾಳೆ. ಗಟ್ಟಿಯೋ, ಅಂಗಳ ಕಟ್ಟೆ ಎಲ್ಲ ಕಡೆ ಇಟ್ಟು ಮಣ್ಣು ಹಿಡಿದದ್ದು.

ಇವರು ಬಗ್ಗಿ ಗೀರುಗಳ ಮೇಲೆ ಉಗುರು ಆಡಿಸಿದರು. ಜಾರಿತು. "ಹೋಗತಾವ" ಎಂದರು. ಕಾರನ್ನು ಪೂರ್ತಿ ನೆರಳಿಗೆ ತರಿಸಿ, ತೊಳೆದು, ಆರಿಸಿ, ಮೊದಲು ಮರೆಯಾದ ಒಂದು ಮೂಲೆಯಲ್ಲಿ ಚೂರು ತಿಕ್ಕಿ ನೋಡಿದರು. ಬಣ್ಣಕ್ಕೆ ಏನೂ ಆಗಲಿಲ್ಲ. ಆಮೇಲೆ ಅರಿವೆಗೆ ಗೀರು ತೆಗೆಯುವ ಕಾಂಪೌಂಡ್ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಚ್ಚಿಕೊಂಡು, ಹಗುರ ಕೈಯಲ್ಲಿ ಸಣ್ಣ ಸಣ್ಣ ಸುತ್ತು ತಿಕ್ಕತೊಡಗಿದರು. ತಿಕ್ಕುವುದು, ಒರೆಸುವುದು, ಓರೆಯಾಗಿ ನೋಡುವುದು, ಮತ್ತೆ ತಿಕ್ಕುವುದು.

ಆ ಮುಖ ನೋಡಿ ನನಗೆ ತಿಳಿದುಹೋಯಿತು. ಸಡ್ಡಕನ ಕಾರಿಗೆ ಯಾರಾದರೂ ಅಷ್ಟು ಆಸ್ಥೆಯಿಂದ ಕೆಲಸ ಮಾಡುತ್ತಾರೆಯೇ? ತಮಗೆ ಸಿಗದ ಆ ಮೂರು ಗೆರೆ ಇನ್ನೊಬ್ಬನ ಕಾರಿನ ಮೇಲೂ ಇರಬಾರದು ಎಂದು ತಿಕ್ಕುತ್ತಿದ್ದರು. ಮೊದಲ ಗೆರೆ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದು ಹೋಗುವ ಹೊತ್ತಿಗೆ ಅವರ ಕಿವಿ ಮೊದಲಿನ ಬಣ್ಣಕ್ಕೆ ಬಂದಿತ್ತು. ಕೊನೆಗೆ ವ್ಯಾಕ್ಸ್ ಹಚ್ಚಿ ಒರೆಸಿದಾಗ ಅಲ್ಲಿ ಏನಾದರೂ ಇತ್ತು ಎಂದರೆ ಯಾರೂ ನಂಬುತ್ತಿರಲಿಲ್ಲ. ಅಮರ ಕೈ ಮುಗಿದ. ಇವರು ಅರಿವೆ ಹಿಂಡಿ ಒಣಹಾಕಿ ಒಳಗೆ ಬಂದರು.

ಮರುದಿನ ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಕೈಯಲ್ಲಿ ಅದೇ ವಿಭೂತಿ ಗಟ್ಟಿ. ಕಪ್ಪು ಕಾರಿನ ಮುಂದೆ ನಿಂತು, "ಹಚ್ಚಿದ್ದೆಲ್ಲಾ ಹೋಗೇತಲ್ರಿ ಅಳಿಯಂದ್ರ! ತಡೀರಿ, ಮತ್ತ ಹಚ್ಚತೀನಿ" ಎಂದು ಕೈ ಚಾಚಿದಳು.

"ಅತ್ತೀ, ಬ್ಯಾಡ ಬ್ಯಾಡ! ಮುಟ್ಟಬ್ಯಾಡ್ರಿ!" ಅಮರ ಅಡ್ಡ ಹಾರಿ ನಿಂತ.

ಅವ್ವನ ಕೈ ಅಲ್ಲೇ ನಿಂತಿತು. "ಯಾಕ್ರಿ? ನನ್ನ ಕೈಗೆ ಏನಾಗೇತಿ?" ಎಂದಳು. ಅಮರ ಮೇಘಾಳ ಮುಖ ನೋಡಿದ. ಮೇಘಾ ನೆಲ ನೋಡಿದಳು. ಅವ್ವನ ಮುಖ ಚಿಕ್ಕದಾಯಿತು. ಯಾತ್ರೆಗೆ ಹೊರಟವಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ಇವರು ಮುಂದೆ ಬಂದರು. "ಅತ್ತಿ, ಅವರ ಗಾಡಿಗೆ ಒಮ್ಮೆ ಆಗೇತ್ರಿ. ನಮ್ಮದಕ ಇನ್ನೂ ಆಗಿಲ್ಲ. ಇಲ್ಲೆ ಬರ್ರಿ."

"ಅಯ್ಯ, ಆ ಹಳೇದಕ್ಕರಿ?"

"ಹಳೇದ ಖರೇ. ಆದ್ರ ನಿಮ್ಮ ಕೈಲೆ ವಿಭೂತಿ ಬೀಳಲಿ ಅಂತ ಬಂದ ದಿನದಿಂದ ಕಾಯಾಕತ್ತೀನ್ರಿ ನಾ."

ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅವ್ವ ಅವರನ್ನೇ ನೋಡಿದಳು. "ಇಷ್ಟ ದಿನ ಬಾಯಿ ಯಾಕ ತಗೀಲಿಲ್ಲಪಾ?" ಎಂದಳು. ರೀ ಎನ್ನುವುದನ್ನು ಮರೆತು, ಹೊಟ್ಟೆಯಲ್ಲಿ ಹುಟ್ಟಿದವನನ್ನು ಕೇಳಿದ ಹಾಗೆ ಕೇಳಿದಳು.

ರವಿವಾರವಷ್ಟೇ ತಿಕ್ಕಿದ ಬಾನೆಟ್ಟು ಫಳಫಳ ಹೊಳೆಯುತ್ತಿತ್ತು. ನಾನು ಇವರ ಕಿವಿಯಲ್ಲಿ, "ರೀ, ಉಸುಕ ಐತಿ, ಗೀರ ಬೀಳತಾವ" ಎಂದೆ. "ಬೀಳಲಿ ಬಿಡ" ಎಂದರು. ಆಮೇಲೆ ಅವ್ವನಿಗೆ, "ಒತ್ತಿ ಹಚ್ಚರಿ ಅತ್ತಿ. ಇನ್ನೂ ಒತ್ತಿ" ಎಂದರು. ಅವ್ವ ಭಾರ ಹಾಕಿ ಎಳೆದಳು. ಕರ್ರ್ ಎಂಬ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಇವರು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು.

ಅವ್ವ ಯಾರನ್ನೂ ಕೇಳದೆ ಕೆಂಪು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. "ಖಿಡಕಿ ತಗೀರಿ, ಗಾಳಿ ಬರಲಿ" ಎಂದಳು. ಕಪ್ಪು ಕಾರು ಎಸಿ ಹಾಕಿಕೊಂಡು ಸಾಂಬ್ರಾದವರೆಗೆ ನಮ್ಮ ಹಿಂದೆ ಬಂತು. ನಾನು ಎಂದಿನಂತೆ ಹಿಂದಿನ ಸೀಟು. ನನ್ನ ಹಣೆಗೂ ಅವ್ವ ಅಷ್ಟು ಒತ್ತಿ ಎಂದೂ ವಿಭೂತಿ ಹಚ್ಚಿರಲಿಲ್ಲ ಎಂದು ದಾರಿಯುದ್ದಕ್ಕೂ ಅನಿಸುತ್ತಿತ್ತು.

ಈಗಲೂ ರವಿವಾರ ಕಾರು ತಿಕ್ಕುತ್ತಾರೆ. ಕೈ ಬಾನೆಟ್ಟಿನ ಎಲ್ಲ ಕಡೆ ಹೋಗುತ್ತದೆ, ಆ ಮೂರು ಗೀರುಗಳನ್ನು ಮಾತ್ರ ಬಳಸಿಕೊಂಡು ಹೋಗುತ್ತದೆ. ಅಲ್ಲಿಗೆ ಬರೀ ನೀರು.

ಕಳೆದ ರವಿವಾರ ಅಮರ ಬಂದಿದ್ದ. ತೊಳೆದ ಕಾರಿನ ಮುಂದೆ ಬಹಳ ಹೊತ್ತು ನಿಂತ. ಗೀರುಗಳ ಮೇಲೆ ಉಗುರು ಆಡಿಸಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅವನ ಕಿವಿ ಕೆಂಪಾಗಿದ್ದವು.

"ಅಣ್ಣಾ," ಎಂದ, "ನನ್ನ ಗಾಡಿ ಗೀರು ನೀವು ಅಷ್ಟ ಚೊಲೊತ್ನಾಗಿ ತಗೀಬಾರದಿತ್ರಿ."

ಇವರು ಬಕೀಟು ಎತ್ತಿಕೊಂಡು ಒಳಗೆ ಬಂದು ನನಗೆ ಮೆಲ್ಲಗೆ ಹೇಳಿದರು: "ಅಮರಗ ಛಾ ಮಾಡ. ಸಕ್ಕರಿ ಒಂದೀಟ ಜಾಸ್ತಿ ಹಾಕ."