ಉಸಿರು ತೆಗೆದುಕೊಂಡ ಜಾಗ

ಸಂತೇಬೆನ್ನೂರಿನಲ್ಲಿ ನಾವು ಮೂವರು ಹುಡುಗಿಯರು ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದೆವು. ಸೊಲ್ಲು ಎತ್ತುವವಳು ನಾನು, ಹಿಡಿಯುವವರು ಅವರಿಬ್ಬರು. ಎತ್ತಿದವಳು ಹೇಗೆ ಹಾಡುತ್ತಾಳೋ ಹಿಂದಿನವರು ಹಾಗೆಯೇ ಹಾಡಬೇಕು, ತಿದ್ದುವಂತಿಲ್ಲ. ಹಾಡು ಕಲಿಸಿದ ನನ್ನ ಅಜ್ಜಿಯ ಕಟ್ಟಪ್ಪಣೆ ಅದು. ನನಗೋ ಆಗ ಉಬ್ಬಸ. ಅರಿಶಿಣ ಹಚ್ಚುವಾಗಿನ ಹಾಡಿನಲ್ಲಿ ಉದ್ದನೆಯ ಸಾಲೊಂದಿತ್ತು. ಉಸಿರು ಸಾಲದೆ ಅದರ ನಡುವೆಯೇ ನಿಂತುಬಿಡುತ್ತಿದ್ದೆ. ಎದೆ ಗಟ್ಟಿಯಿದ್ದ ಅವರಿಬ್ಬರೂ ನನ್ನಂತೆಯೇ ಅಲ್ಲಿ ನಿಲ್ಲುತ್ತಿದ್ದರು. ತನ್ನ ಅಪ್ಪಣೆ ತನಗೇ ತಿರುಗಿದ್ದಕ್ಕೆ ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಜಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ತಂಡ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹಾಡಿದರೆ ಹೊಟ್ಟೆ ತುಂಬುತ್ತದೆಯೇ ಎಂದು ದೊಡ್ಡ ಮಾತು ಬೇರೆ ಆಡಿ ಬಂದೆ. ನನ್ನ ಜಾಗಕ್ಕೆ ನಲ್ಲೂರಿನ ಹುಡುಗಿಯೊಬ್ಬಳು ಸೇರಿದಳು. ಯಾರೋ ಮೊಬೈಲಿನಲ್ಲಿ ಹಿಡಿದ ಅವರ ಹಾಡು ಊರೂರು ಸುತ್ತಿತು, ಆಮೇಲೆ ಟಿವಿಗೂ ಬಂತು. ವಾರ್ಡಿನಲ್ಲಿ ರೋಗಿಗಳ ಕಡೆಯವರು ಅದನ್ನೇ ಹಾಕಿಕೊಂಡು ಕೂರುತ್ತಿದ್ದರು. ಆಸ್ಪತ್ರೆಯಲ್ಲಿ ಎಂಥಾ ಹಾಡು ಎಂದು ಗದರಿ ನಿಲ್ಲಿಸುತ್ತಿದ್ದೆ. ಹೊಟ್ಟೆಕಿಚ್ಚು, ಬೇರೇನಲ್ಲ. ಆ ತಂಡದಲ್ಲಿ ನಾನಿದ್ದೆ ಎಂಬುದರ ಗುರುತೇ ಅಳಿಸಿಹೋಯಿತಲ್ಲ ಎಂಬ ಸಂಕಟ ನನ್ನನ್ನು ಬಿಡಲೇ ಇಲ್ಲ.

ಹೋದ ವರ್ಷ ಹೊನ್ನಾಳಿಯಲ್ಲಿ ಅವರ ಕಾರ್ಯಕ್ರಮವಿತ್ತು. ತಡೆಯಲಾಗದೆ ರಜೆ ಹಾಕಿ ಹೋದೆ, ಕೊನೆಯ ಸಾಲಿನಲ್ಲಿ ಕುಳಿತೆ. ಅರಿಶಿಣದ ಹಾಡು ಬಂತು. ಆ ಉದ್ದನೆಯ ಸಾಲಿನ ನಡುವೆ ಹುಡುಗಿ ನಿಂತಳು. ಹಿಂದಿನವರಿಬ್ಬರೂ ಅಲ್ಲೇ ನಿಂತರು.

ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆ. ಆ ಹುಡುಗಿ ಬಳೆ ತೆಗೆಯುತ್ತಾ ಕುಳಿತಿದ್ದಳು. ಅವರಿಬ್ಬರು ಪರದೆಯ ಆಚೆ ಸೀರೆ ಬದಲಿಸುತ್ತಾ ಮಾತಾಡುತ್ತಿದ್ದರು. ಹುಡುಗಿಗೆ ನನ್ನ ಪರಿಚಯವಿಲ್ಲ. ಸಾಲಿನ ನಡುವೆ ಯಾಕೆ ನಿಲ್ಲಿಸುತ್ತೀಯಮ್ಮ ಎಂದು ಕೇಳಿದೆ.

“ಗೊತ್ತಿಲ್ರೀ ಅಕ್ಕ. ಅಲ್ಲಿ ನಿಂತ್ಕಂಡೇ ಹಾಡ್ಬೇಕು, ತಿದ್ದಾಕೆ ಹೋಗ್ಬ್ಯಾಡ ಅಂತ ನಮ್ ಅಕ್ಕಾರು ಹೇಳಿದಾರೆ. ನಿಮಗೂ ಈ ಹಾಡು ಬರ್ತೈತೇನ್ರಿ?”

ಉಬ್ಬಸ ವಾಸಿಯಾಗಿ ಎಷ್ಟೋ ವರ್ಷಗಳಾಗಿವೆ. ಆ ಸಾಲನ್ನು ಈಗ ಒಂದೇ ಉಸಿರಿಗೆ ಹಾಡಬಲ್ಲೆ. ಮೆಲ್ಲಗೆ ಸೊಲ್ಲು ಎತ್ತಿದೆ. ಆ ಜಾಗ ಬಂದಾಗ ನಿಂತೆ, ಉಸಿರು ತೆಗೆದುಕೊಂಡೆ, ಸಾಲು ಮುಗಿಸಿದೆ. ಪರದೆಯ ಆಚೆ ಮಾತು ನಿಂತಿತು. ಯಾರೆಂದು ಇಣುಕಿ ನೋಡುವ ಮೊದಲೇ ಅವರಿಬ್ಬರೂ ಸೊಲ್ಲು ಹಿಡಿದರು.