ಒಣಗಿದ ಕಣ್ಣು, ಅತ್ತೆಯ ದನಿ

ಸವದತ್ತಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಟೈಪಿಂಗ್ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ವಕೀಲರ ಕಾಗದ, ಸಣ್ಣಪುಟ್ಟ ಪುಸ್ತಕ, ಬಂದದ್ದೆಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ಕಣ್ಣಿಗೆ ಉಸುಕು ಬಿದ್ದಂತಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲಿನ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಬೈಲಹೊಂಗಲದ ಕಣ್ಣಿನ ಡಾಕ್ಟರು ಪರೀಕ್ಷಿಸಿ, ಕಣ್ಣೀರು ಸಾಲುತ್ತಿಲ್ಲವೆಂದು ಹನಿ ಬರೆದುಕೊಟ್ಟರು. ಹಾಕಿದಾಗ ತಂಪು, ತುಸು ಹೊತ್ತಿಗೆ ಮತ್ತೆ ಉರಿ. ಕೆಲಸವನ್ನೇ ಬಿಡಬೇಕಾದೀತೆಂದು ಒಳಗೊಳಗೇ ಹೆದರಿದ್ದೆ.

ಕಿತ್ತೂರಿನಲ್ಲಿರುವ ನಾದಿನಿ ಅಲ್ಲಿನ ಆಕ್ಯುಪಂಕ್ಚರ್ ಡಾಕ್ಟರಮ್ಮನ ಸುದ್ದಿ ಹೇಳಿದಳು. ಮಗಳನ್ನು ನೋಡಿದ ಹಾಗೂ ಆಯಿತೆಂದು ಅತ್ತೆಯವರು ನನ್ನ ಜೊತೆ ಬಸ್ಸು ಹತ್ತಿದರು. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಹೆಚ್ಚಿರಲಿಲ್ಲ. ಅವರು ಅಡುಗೆಮನೆಯಲ್ಲಿ, ನಾನು ಕಂಪ್ಯೂಟರಿನ ಮುಂದೆ, ಹಾಗೇ ವರ್ಷಗಳು ಕಳೆದಿದ್ದವು.

ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟರು: "ಪೂರಾ ಹೋಗ್ತದಂತ ನಾ ಹೇಳೂದಿಲ್ರಿ. ಕೆಲವರಿಗೆ ಆರಾಮ ಅನಸ್ತದ. ಹನಿ ಮಾತ್ರ ಬಿಡಬ್ಯಾಡ್ರಿ."

ಕೂದಲೆಳೆಯಂಥ ಸೂಜಿಗಳು. ಹುಬ್ಬಿನ ತುದಿಗೆ, ಕಪೋಲದ ಬಳಿ, ಹೆಬ್ಬೆರಳು ತೋರುಬೆರಳುಗಳ ನಡುವೆ. ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಕಣ್ಣು ಮುಚ್ಚಿ ಅಲುಗಾಡದೆ ಮಲಗಬೇಕಿತ್ತು. ನನಗೆ ಹೆದರಿಕೆಯಾಗಬಾರದೆಂದೋ ಏನೋ, ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ ಮಾತಾಡತೊಡಗಿದರು. ರಾಮದುರ್ಗದ ತವರುಮನೆ, ಸಂಜೆ ಪುರಾಣ ಹೇಳುತ್ತಿದ್ದ ಅವರ ತಂದೆ. ತಂದೆಗೆ ಕಣ್ಣು ಮಂಜಾದ ಮೇಲೆ ಪುಟ ಓದಿ ಕೊಡುತ್ತಿದ್ದವರು ಅತ್ತೆಯೇ ಅಂತೆ. ಮಗಳು ಓದುವುದು, ತಂದೆ ಅರ್ಥ ಹೇಳುವುದು. ಮದುವೆಯಾಗಿ ಬಂದ ಮೇಲೆ ಗಟ್ಟಿಯಾಗಿ ಓದುವ ಪ್ರಸಂಗವೇ ಬರಲಿಲ್ಲವೆಂದರು. ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ.

ಕಿತ್ತೂರಿಗೆ ಹೋಗಿಬರುವುದು ಮಳೆಗಾಲ ಮುಗಿಯುವವರೆಗೂ ನಡೆಯಿತು. ಉರಿ ಮೆಲ್ಲಗೆ ಇಳಿಯಿತು. ಸೂಜಿಯಿಂದಲೋ, ಹನಿಯಿಂದಲೋ, ವಾರಕ್ಕೊಮ್ಮೆ ಕಣ್ಣು ಮುಚ್ಚಿ ಮಲಗಿದ್ದರಿಂದಲೋ ಹೇಳಲಾರೆ. ಪರದೆ ನೋಡುವುದನ್ನು ಕಡಿಮೆ ಮಾಡಿರೆಂದು ಇಬ್ಬರು ಡಾಕ್ಟರೂ ಹೇಳಿದ್ದರು. ಅದು ಹೇಗೆಂದು ನಾನು ಚಿಂತಿಸುತ್ತಿದ್ದಾಗ ಅತ್ತೆ ಚಷ್ಮಾ ಹಾಕಿಕೊಂಡು ಬಂದು ಮಗ್ಗುಲಲ್ಲಿ ಕುಳಿತು, ಹಸ್ತಪ್ರತಿ ಎತ್ತಿಕೊಂಡರು.

"ನಿನ್ನ ಬೆರಳಿಗೆ ಅಕ್ಷರ ಗೊತ್ತಲ್ಲಾ. ನೀ ಕಣ್ಣ ಮುಚ್ಚಕೋ, ನಾ ಓದತೇನಿ."

ಮೊದಮೊದಲು ಅವರ ದನಿ ಮುಂದೆ, ನನ್ನ ಬೆರಳು ಹಿಂದೆ. ಅಲ್ಪವಿರಾಮ ಬಂದರೆ ಅವರು "ಹ್ಞಂ" ಎನ್ನುತ್ತಿದ್ದರು. ಪೂರ್ಣವಿರಾಮಕ್ಕೆ ಉಸಿರು ಬಿಡುತ್ತಿದ್ದರು. ಕ್ರಮೇಣ ಹದ ಸಿಕ್ಕಿತು. ಪುಟ ಮುಗಿದ ಮೇಲೆ ಒಮ್ಮೆ ಕಣ್ಣು ತೆರೆದು ತಿದ್ದಿದರೆ ಸಾಕಾಗುತ್ತಿತ್ತು. ಅಡುಗೆಯ ಅರ್ಧ ಭಾರ ಈಗ ನನ್ನ ಗಂಡನ ಪಾಲಿಗೆ ಬಂದಿದೆ.

ಚಳಿಗಾಲದಲ್ಲಿ ನಿವೃತ್ತ ಮಾಸ್ತರರೊಬ್ಬರು ತಮ್ಮ ಊರಿನ ಕಥೆ ಬರೆದು ತಂದಿದ್ದರು. ಅಕ್ಷರ ಬಲು ಕೆಟ್ಟದ್ದು. ಮುಗಿದ ಪ್ರತಿ ಒಯ್ಯಲು ಬಂದವರು ತಿರುವಿ ನೋಡಿ, ಇಷ್ಟು ಸರಿಯಾಗಿ ಹೇಗೆ ಓದಿಕೊಂಡಿರೆಂದು ನನ್ನನ್ನು ಕೇಳಿದರು. "ಓದಿದವರು ಒಳಗಿದಾರ್ರಿ" ಎಂದು ಅತ್ತೆಯನ್ನು ಕರೆದೆ. ಅವರು ಕೈ ಒರೆಸಿಕೊಳ್ಳುತ್ತ ಬಂದರು. ಮಾಸ್ತರರು ಕೈಮುಗಿದರು. ಅತ್ತೆ ನಾಚಲಿಲ್ಲ, ಕುರ್ಚಿ ಎಳೆದುಕೊಂಡು ಕುಳಿತು, ಕೊನೆಯ ಅಧ್ಯಾಯ ಅವಸರದಲ್ಲಿ ಮುಗಿದಂತಾಗಿದೆ, ಇನ್ನಷ್ಟು ಬರೆಯಿರಿ ಎಂದರು.